ಮೂವತ್ತೆರಡು ಅಡಿ ಸಿಹಿನೀರು

ಅಡಂಬುಕುಪ್ಪಂ,
ಮೇ 19, ಭಾನುವಾರ

ಗಂಗಕ್ಕನಿಗೆ,

ಇದು ನಿನ್ನ ತಮ್ಮ ಮಾದೇಶನದೇ ಕೈಬರಹ. ಕನ್ನಡ ಬರೆದು ಎಂಟು ವರ್ಷವಾಯಿತು. ಅಕ್ಷರಗಳು ಸಂತೆಗೆ ಹೊಡೆದ ಕುರಿಗಳ ಹಾಗೆ ಒಂದರ ಮೇಲೊಂದು ಹತ್ತಿಕೊಂಡು ಹೋಗಿದ್ದರೆ ಬೈಯಬೇಡ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀಯ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತೆ. ಪಕ್ಕದಲ್ಲಿ ರಾಮಪ್ಪ ಭಾವ, ಬಾಗಿಲ ಹಿಂದೆ ನಿಮ್ಮ ಅತ್ತೆ. ನಾನು ಕೆಮ್ಮಿದರೂ ಮೇಚೇರಿ ಸಂತೆಗೆ ಸುದ್ದಿ ಹೋಗುತ್ತೆ. ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದುವವಳು ಮಾತ್ರ ನೀನೊಬ್ಬಳೇ. ಹೊಗೆನಕಲ್‌ನಲ್ಲಿ ಪರಿಸಲು ದೋಣಿ ಹತ್ತಿ, ಹೊಳೆ ಆಚೆ ಮಾವನ ಮನೆಯಲ್ಲಿದ್ದು ನಾವಿಬ್ಬರೂ ಹತ್ತನೇ ಕ್ಲಾಸಿನವರೆಗೆ ಕಲಿತ ಕನ್ನಡ ಇಷ್ಟು ವರ್ಷಕ್ಕೆ ಒಂದು ಕೆಲಸಕ್ಕೆ ಬಂತು ನೋಡು.

ವಿಷಯ ಮೊದಲೇ ಹೇಳಿಬಿಡುತ್ತೀನಿ. ಶುಕ್ರವಾರ ಇಲ್ಲಿಗೆ ಬರಬೇಡ. ತಟ್ಟೆ, ಹೂವು, ಸೀರೆ ಎಲ್ಲಾ ತೆಗೆದಿಟ್ಟಿದ್ದೀಯ ಅಂತ ಗೊತ್ತು. ಭಾವ ವ್ಯಾನ್ ಹೇಳಿದ್ದಾರೆ ಅಂತಲೂ ಗೊತ್ತು. ವನಿತಾಳನ್ನು ಕೇಳುವುದಕ್ಕೆ ನೀನು ಬರಬೇಡ.

ಬೈಯುವುದನ್ನು ಬೈದು ಮುಗಿಸಿ ಆಮೇಲೆ ಮುಂದಕ್ಕೆ ಓದು.

ಮೊದಲ ಸಲ ಅವಳ ಸುದ್ದಿ ಹೇಳಿದಾಗ ನೀನು ಫೋನಿನಲ್ಲಿ ಅಂದಿದ್ದು ನೆನಪಿದೆಯಾ? "ಲೇ ಮಾದೇಸ, ನಮ್ ಕಡೆ ಕುರಿ ವಾಸ್ನೆ ಹುಡ್ಗೀರಿಗೆ ಬರ ಬಂದಿತ್ತೇನ್ಲಾ, ಮೀನ್ ವಾಸ್ನೆನೇ ಬೇಕಾಗಿತ್ತಾ ನಿಂಗೆ?" ಅತ್ತೆ ಹಿಂದಿನಿಂದ, "ಅವ್ನು ಎಲ್ಲೂ ಎಲ್ಡು ತಿಂಗ್ಳು ನಿಂತವನಲ್ಲ, ಹುಡ್ಗಿ ಹತ್ರನಾದ್ರೂ ನಿಲ್ತಾನಾ ಕೇಳು" ಅಂದರು. ಅವರು ಅಂದಿದ್ದು ಸುಳ್ಳಲ್ಲ. ಹೊಗೆನಕಲ್‌ನಲ್ಲಿ ಪರಿಸಲು ಹಾಕುವುದಕ್ಕೆ ಸೇರಿ ಒಂದೂವರೆ ತಿಂಗಳಿಗೆ ಬಿಟ್ಟೆ. ಸೇಲಂ ಮಿಲ್ಲಿನಲ್ಲಿ ಇಪ್ಪತ್ತು ದಿನ. ಮಾರಂಡಹಳ್ಳಿಯಲ್ಲಿ ಟೊಮೆಟೊ ಲೋಡು ಹತ್ತಿಸುವುದು ಒಂದು ಮಳೆಗಾಲ. ಮುತ್ತುಸ್ವಾಮಿಯವರ ಬೋರ್ ಲಾರಿಗೆ ಸೇರಿದ ಮೇಲೆ ಮಾತ್ರ ಮೂರು ವರ್ಷ ನಿಂತೆ. ಆ ಲಾರಿಯೇ ಒಂದು ಕಡೆ ನಿಲ್ಲುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಎರಡು ವರ್ಷದ ಹಿಂದೆ ಲಾರಿ ಈ ಅಡಂಬುಕುಪ್ಪಕ್ಕೆ ಬಂದಾಗ ಇಲ್ಲಿ ಇದ್ದಿದ್ದು ನಲವತ್ತೊಂದು ಮನೆ, ಒಂದು ಟೀ ಅಂಗಡಿ, ಒಂದು ಅಮ್ಮನ ಗುಡಿ. ರೋಡಿನಿಂದ ಊರಿಗೆ ಮರಳುದಾರಿ. ಚಕ್ರ ಹೂತುಹೋಗಿ ನಮ್ಮ ಲಾರಿಯನ್ನು ಊರಿನವರೇ ತಳ್ಳಿದರು. ನಾನು ಇಳಿದು ಕೊಡ ಹಿಡಿದುಕೊಂಡಿದ್ದ ಒಬ್ಬ ಹುಡುಗಿಯನ್ನು ನೀರು ಕೇಳಿದೆ. ಅವಳ ಕೊಡ ಖಾಲಿ ಇತ್ತು. ಮನೆಯೊಳಗೆ ಹೋಗಿ ತರುತ್ತಾಳೆ ಅಂದುಕೊಂಡರೆ ಅಲ್ಲೇ ಮಂಡಿಯೂರಿ, ತೆಂಗಿನ ಚಿಪ್ಪಿನಿಂದ ಮರಳು ಬಗೆದಳು. ಮೊಣಕೈ ಆಳ ಬಗೆಯುವಷ್ಟರಲ್ಲಿ ನೀರು ಜಿನುಗಿತು. ಮೊದಲ ಎರಡು ಚಿಪ್ಪು ಚೆಲ್ಲಿ, ಮೂರನೆಯದು ನನ್ನ ಕೈಗೆ ಕೊಟ್ಟಳು. ನೂರು ಹೆಜ್ಜೆ ಆಚೆ ಕಡಲು ಬಡಿದುಕೊಳ್ಳುತ್ತಿತ್ತು. ಈ ನೀರು ಎಳನೀರಿನ ಹಾಗಿತ್ತು.

ಅಕ್ಕ, ನಾನು ಅಲ್ಲೇ ಕೂತುಬಿಟ್ಟೆ. ನಮ್ಮೂರಿನಲ್ಲಿ ಅಪ್ಪ ಬೋರ್ ಹಾಕಿಸಿದ ದಿನ ನೆನಪಾಯಿತು. ನೀನು ಆವಾಗ ಒಂಬತ್ತನೇ ಕ್ಲಾಸು, ರಜಕ್ಕೆ ಬಂದಿದ್ದೆವು. ಏಳುನೂರ ಎಂಬತ್ತು ಅಡಿಗೆ ಬರೀ ಕಲ್ಲುಪುಡಿ ಹೊಗೆಯ ಹಾಗೆ ಎದ್ದಿತ್ತು. ಲಾರಿಯವರು ಸಾಕು ಬಿಡಿ ಅಂದರು. ಅಪ್ಪ ಟವಲು ತೆಗೆದು ಕೆಳಗೆ ಹಾಕಿ, "ಇನ್ನೊಂದ್ ರಾಡ್ ಆಕಪ್ಪ" ಅಂದರು. ಇನ್ನೊಂದು ಉಕ್ಕಿನ ಕೊಳವೆ ಇಳಿಯಿತು, ಇನ್ನಿಪ್ಪತ್ತು ಅಡಿ. ಏಳುನೂರ ತೊಂಬತ್ತೈದಕ್ಕೆ ನೀರು ಎದ್ದು ನಿನ್ನ ಜಡೆ, ನನ್ನ ಚಡ್ಡಿ, ಊರಿನವರ ತಲೆ ಎಲ್ಲಾ ನೆಂದುಹೋಯಿತು. ಆವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪಾಠ ಕೂತಿದೆ: ಸಾಕು ಅಂದವನಿಗೆ ನೀರಿಲ್ಲ, ಇನ್ನೊಂದು ರಾಡು ಅಂದವನಿಗೆ ಇದೆ. ನಮ್ಮ ಕಡೆ ಯಾರನ್ನು ಬೇಕಾದರೂ ಕೇಳು, ಇದನ್ನೇ ಹೇಳುತ್ತಾರೆ.

ನೀರು ಕೊಟ್ಟವಳೇ ವನಿತಾ. ಅವಳಪ್ಪ ಗೋವಿಂದನ್, ಫೈಬರ್ ದೋಣಿಯಲ್ಲಿ ಕಡಲಿಗೆ ಹೋಗುವ ಆಳು. ಇಲ್ಲಿಯವರ ತಮಿಳು ನಮ್ಮ ಧರ್ಮಪುರಿ ತಮಿಳಲ್ಲ, ಉಪ್ಪು ಹಾಕಿ ಒಣಗಿಸಿದ ಹಾಗಿರುತ್ತೆ. ನಿನಗೆ ನಮ್ಮ ಮಾತಿನಲ್ಲೇ ಬರೆಯುತ್ತೀನಿ, ಅವರ ದನಿ ನಮ್ಮ ದನಿಯಾಗೇ ಕೇಳಿಸಲಿ.

ಆ ಎರಡು ವರ್ಷದಲ್ಲಿ ಊರು ಬೆಳೆದಿದ್ದನ್ನು ನೀನು ನೋಡಬೇಕಿತ್ತು. ಮೊದಲು ಮರಳುದಾರಿಗೆ ಟಾರು ಬಂತು. ಟಾರಿನ ಹಿಂದೆ ಕಾರು. ಗೋಡಂಬಿ ತೋಪು ಕಡಿದು ಬಣ್ಣದ ಕಲ್ಲು ನೆಟ್ಟು ಪ್ಲಾಟ್ ಮಾಡಿದರು. ಪ್ಲಾಟಿನ ಮೇಲೆ ವಿಲ್ಲಾ ಎದ್ದಿತು. ಅಲೆಯ ಮೇಲೆ ಹಲಗೆ ಇಟ್ಟು ನಿಲ್ಲುವುದನ್ನು ಕಲಿಸುವ ಸ್ಕೂಲು, ಗಾಜಿನ ಕಾಫಿ ಅಂಗಡಿ, ಎಟಿಎಂ. ಬಲೆ ಒಣಗಿಸುವ ಜಾಗದಲ್ಲಿ ಈಗ ಪಾರ್ಕಿಂಗ್. ಉತ್ತರದ ತುದಿಯಲ್ಲಿ ದೊಡ್ಡ ರೆಸಾರ್ಟು, ಅದಕ್ಕೆ ಎರಡು ಈಜುಕೊಳ. ಎದುರಿಗೇ ಕಡಲು ಇಟ್ಟುಕೊಂಡು ಯಾಕೆ ಅಂತ ನಾನು ಕೇಳಿದ್ದಕ್ಕೆ ಮುತ್ತುಸ್ವಾಮಿಯವರು, "ತಂಬಿ, ಕಡಲು ಫೋಟೋಗೆ, ಕೊಳ ಕುಂಡಿಗೆ" ಅಂದರು.

ಅಂಜಲೆ ಆಯಾ ಅಂತ ಒಬ್ಬ ಮುದುಕಿ ಇದ್ದಾಳೆ, ಗೋವಿಂದನ್‌ನ ಅತ್ತೆ. ಇಲ್ಲಿ ಅಜ್ಜಿಗೆ ಆಯಾ ಅಂತಾರೆ. ಅವಳು ಮೀನು ಒಣಗಿಸುವುದನ್ನು ಕಾರಿನವರು ಇಳಿದು ಫೋಟೋ ತೆಗೆಯುತ್ತಿದ್ದರು. ಆರು ತಿಂಗಳಿಗೆ ಅದೇ ಜನ ವಾಸನೆ ಅಂತ ಕಂಪ್ಲೇಂಟ್ ಕೊಟ್ಟು, ಮೀನು ಒಣಗಿಸುವ ಜಾಗವನ್ನು ಸುಡುಗಾಡಿನ ಹಿಂದಕ್ಕೆ ಹಾಕಿಸಿದರು. "ಅವ್ರ ಕಣ್ಣಿಗೆ ನಾನ್ ಬೇಕು, ಮೂಗಿಗೆ ಬ್ಯಾಡ" ಅಂತ ಆಯಾ ನಗುತ್ತಾಳೆ. ಅವಳಿಗೆ ನಾನು 'ಬೋರ್ ತಂಬಿ'. ಮೊದಲ ದಿನದಿಂದಲೂ ಅದೇ ಹೆಸರು.

ಬೆಳೆದ ಊರಿಗೆಲ್ಲಾ ತೂತು ಹಾಕಿದವರು ನಾವೇ, ಅಕ್ಕ. ವಿಲ್ಲಾಗೊಂದು, ರೆಸಾರ್ಟಿಗೆ ಮೂರು. ಈ ಸಲ ಶಿವರಾತ್ರಿ ಹೊತ್ತಿಗೆ ಊರಿನ ಬಾವಿಯಲ್ಲಿ ನೀರು ತಳಕ್ಕೆ ಇಳಿಯಿತು. ಸುಟ್ಟ ಮಣ್ಣಿನ ಬಳೆ ಜೋಡಿಸಿ ಆಯಾಳ ತಾತ ಕಟ್ಟಿದ ಬಾವಿ ಅದು, ನಲವತ್ತೊಂದು ಮನೆಗೂ ಅದೊಂದೇ. ಬತ್ತಿರಲಿಲ್ಲ. ಕೊಡ ಮುಳುಗುತ್ತಿರಲಿಲ್ಲ, ಅಷ್ಟೇ. ಗೋವಿಂದನ್ ಒಂದು ದಿನ ನನ್ನ ಹತ್ತಿರ ಬಂದು, "ಊರಿಗೆಲ್ಲಾ ನೀರ್ ತೆಗ್ದಿದ್ದೀಯ, ನಮ್ಗೊಂದು ಕೊಡಲ್ವಾ ಮಾಪ್ಳೆ?" ಅಂದ. ಮಾಪ್ಳೆ ಅಂದ, ಅಕ್ಕ, ಅಳಿಯ ಅಂತ. ಅವನಿಗೆ ನಮ್ಮಿಬ್ಬರ ವಿಷಯ ಗೊತ್ತಾಗಿದ್ದು ನನಗೆ ಗೊತ್ತಾಗಿದ್ದೇ ಆ ಒಂದು ಮಾತಿನಿಂದ.

ಮುತ್ತುಸ್ವಾಮಿಯವರ ಕಾಲು ಹಿಡಿದು ಲಾರಿಗೆ ಒಂದು ದಿನ ಬಿಡುವು ಮಾಡಿಸಿದೆ. ಶಿವರಾತ್ರಿ ಕಳೆದು ಎಂಟನೇ ದಿನ, ಬೆಳಿಗ್ಗೆ. ಲಾರಿಗೆ ಮಲ್ಲಿಗೆ ಹಾರ ಹಾಕಿ, ಕುಂಕುಮ ಇಟ್ಟು, ಬಾವಿಯಿಂದ ಹತ್ತು ಹೆಜ್ಜೆಗೆ ನಿಲ್ಲಿಸಿದರು. ಆವತ್ತು ಯಾರೂ ಕಡಲಿಗೆ ಹೋಗಲಿಲ್ಲ. ಮರಳು ಇಳಿದು ಮೂವತ್ತೆರಡನೇ ಅಡಿಗೆ ನೀರು ಬಂತು, ಸಿಹಿಯಾದ ನೀರು. ಗೋವಿಂದನ್ ಸಾಕು ಅಂದ. ಮುತ್ತುಸ್ವಾಮಿಯವರೂ ಪೈಪ್ ಇಳಿಸಿ ಮುಗಿಸೋಣ ಅಂದರು.

ಇನ್ನೊಂದು ರಾಡು ಅಂದವನು ನಾನು.

ಮೂವತ್ತೆರಡು ಅಡಿ ನೀರು ನನಗೆ ನೀರಿನ ಹಾಗೆ ಕಾಣಲಿಲ್ಲ, ಅಕ್ಕ. ಮಗು ಉಚ್ಚೆ ಹೊಯ್ದ ಹಾಗೆ ಕಂಡಿತು. ಮಾಪ್ಳೆ ಅಂತ ಕರೆಸಿಕೊಂಡವನು ಇಷ್ಟೇ ಕೊಡುವುದಾ ಅನಿಸಿತು. ಅಪ್ಪ ಟವಲು ಹಾಕಿದ ಹಾಗೆ ನಾನೂ ನನ್ನ ಟವಲು ಮರಳಿನ ಮೇಲೆ ಹಾಕಿದೆ. ಐವತ್ತು ಅಡಿ ದಾಟಿದ ಮೇಲೆ ಕಪ್ಪು ಕಳಿಮಣ್ಣು ಬೆಣ್ಣೆಯ ಹಾಗೆ ಸುತ್ತಿಕೊಂಡು ಮೇಲೆ ಬಂತು. ಅಂಜಲೆ ಆಯಾ ಅದನ್ನು ಬೆರಳಿನಲ್ಲಿ ತೆಗೆದು ಮೂಸಿ ನೋಡಿ, "ಬೋರ್ ತಂಬಿ, ನಿಲ್ಸು. ಇದು ಮುಚ್ಚಳ. ಇದ್ರ ಕೆಳ್ಗೆ ಕಡ್ಲು ಮನಗೈತೆ, ಎಬ್ಬಿಸ್ಬ್ಯಾಡ" ಅಂದಳು. ನಾನು ನಗುತ್ತಾ, "ಆಯಾ, ನಮ್ಮೂರಲ್ಲಿ ಬಂಡೆನೇ ಒಡ್ದು ಓಗ್ತೀವಿ, ಇದು ಕೇಸರಿಬಾತು" ಅಂದೆ. ಎಲ್ಲರೂ ನಕ್ಕರು. ಮೂವತ್ತೆರಡು ಅಡಿಗೆ ನೀರು ಇದ್ದರೆ ಎಂಬತ್ತಕ್ಕೆ ಹೊಳೆಯೇ ಇರುತ್ತೆ ಅಂತ ನಾನು ನಿಜವಾಗಿಯೂ ನಂಬಿದ್ದೆ. ಒಣನೆಲದಲ್ಲಿ ಹುಟ್ಟಿದವನಿಗೆ ಬೇರೆ ಏನು ತೋಚುತ್ತೆ? ಆಳಕ್ಕೆ ಹೋದಷ್ಟೂ ಒಳ್ಳೆಯದು ಅಂತಲೇ ಗೊತ್ತು. ಒಳ್ಳೆಯದು ಮೇಲೆಯೇ ತೆಳ್ಳಗೆ ತೇಲುತ್ತಿರುತ್ತೆ ಅಂತ ಯಾರು ಹೇಳಿಕೊಟ್ಟಿದ್ದರು ನನಗೆ?

ಎಂಬತ್ತನೇ ಅಡಿಗೆ ಬಂತು. ಲಾರಿಗಿಂತ ಎತ್ತರಕ್ಕೆ ಎದ್ದಿತು, ಅಪ್ಪನ ಬೋರಿಗಿಂತ ಜೋರು. ನೀರು ಮೊದಲು ಚೆನ್ನಾಗಿಯೇ ಇತ್ತು. ಹೆಂಗಸರು ಖುಷಿಗೆ ನಾಲಿಗೆ ಹೊರಳಿಸಿ ಕುಲವೆ ಹಾಕಿದರು. ಗೋವಿಂದನ್ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡ.

ಎರಡು ಮೂರು ದಿನಕ್ಕೆ ನೀರು ಸಪ್ಪೆಯಾಗಿ, ಆಮೇಲೆ ಉಪ್ಪಾಯಿತು. ಹೊಸ ಬೋರು ಅಂದರೆ ಹಾಗೇ, ಒಂದು ವಾರ ಮೋಟರ್ ಓಡಲಿ, ಸರಿಹೋಗುತ್ತೆ ಅಂದೆ. ನಮ್ಮ ಕಡೆ ಹಾಗೇ ತಾನೇ? ಹತ್ತು ದಿನ ಓಡಿಸಿದರು. ಹನ್ನೊಂದನೇ ದಿನ ಹತ್ತು ಹೆಜ್ಜೆ ಆಚೆಯ ಬಾವಿಯ ನೀರು ಬಾಯಿಗೆ ಇಡುವುದಕ್ಕಾಗಲಿಲ್ಲ. ಇಪ್ಪತ್ತನೇ ದಿನ ಮರಳು ಬಗೆದರೂ ಉಪ್ಪೇ. ಆಮೇಲೆ ಆ ತೂತು ಮುಚ್ಚಿದೆವು, ಸಿಮೆಂಟು ಹಾಕಿ. ಅಷ್ಟು ಹೊತ್ತಿಗೆ ಎದ್ದು ಕೂತಿದ್ದ ಕಡಲು ಮತ್ತೆ ಮಲಗಲಿಲ್ಲ.

ಇದರಲ್ಲಿ ಒಂದು ವಿಚಿತ್ರ ಕೇಳು. ನನ್ನನ್ನು ಯಾರೂ ಬೈಯಲಿಲ್ಲ. ರೆಸಾರ್ಟಿನ ಮೂರು ಬೋರು ಸೇರಿ ನೀರೆಳೆದು ಕಡಲನ್ನು ಒಳಗೆ ಕರೆದುಕೊಂಡು ಬಂದವು, ಪಾಪ ಬೋರ್ ತಂಬಿ ನಮಗೆ ಒಳ್ಳೆಯದು ಮಾಡೋಕೆ ಹೋಗಿದ್ದ ಅಂತ ಊರು ತೀರ್ಮಾನ ಮಾಡಿತು. ಏಪ್ರಿಲ್‌ನಿಂದ ರೆಸಾರ್ಟಿನ ಗೇಟಿನ ಮುಂದೆ ಶಾಮಿಯಾನ ಹಾಕಿ ಕೂತಿದ್ದಾರೆ. ಗೋವಿಂದನ್ ಮುಂದಿನ ಸಾಲಿನಲ್ಲಿ. ಅವನ ಮೇಲೆ ಎರಡು ಕೇಸು ಆಗಿದೆ. ದೋಣಿ ನೀರಿಗೆ ಇಳಿದು ತಿಂಗಳಾಯಿತು. ನಾನೂ ದಿನಾ ಹೋಗಿ ಅವನ ಪಕ್ಕದಲ್ಲಿ ಕೂತು ಕೂಗುತ್ತೀನಿ. ರೆಸಾರ್ಟಿನವರು ಕಡಲನೀರನ್ನೇ ಸಿಹಿ ಮಾಡುವ ಮಿಷನ್ನು ತರಿಸಿಕೊಂಡಿದ್ದಾರೆ. ಅದರಿಂದ ಊರಿಗೆ ಒಂದು ನಲ್ಲಿ ಕೊಡುತ್ತೀವಿ, ನಮ್ಮದೂ ತಪ್ಪಿರಬಹುದು ಅಂತ ಈಗ ಮಾತು ತೆಗೆದಿದ್ದಾರೆ. ನಾನು ಬಾಯಿ ಬಿಟ್ಟರೆ ಆ ನಲ್ಲಿಯೂ ಹೋಗುತ್ತೆ. ಅದಕ್ಕೇ ಸುಮ್ಮನಿದ್ದೀನಿ. ಇದು ನ್ಯಾಯವೋ ನೆವವೋ ನನಗೇ ಗೊತ್ತಿಲ್ಲ. ದಿನಕ್ಕೊಂದು ಥರ ಅನಿಸುತ್ತೆ.

ಅಷ್ಟರೊಳಗೆ ಹನ್ನೊಂದು ಮನೆ ಖಾಲಿಯಾಗಿವೆ. ಪಟ್ಟಣದವರು ಬಂದು ಅವಕ್ಕೆ ನೀಲಿ ಬಣ್ಣ ಹೊಡೆದು, ಬಾಗಿಲಿಗೆ ಹಳೇ ಬಲೆ ನೇತುಹಾಕಿ, ರೂಮು ಬಾಡಿಗೆಗೆ ಕೊಡುತ್ತಿದ್ದಾರೆ. ಉಳಿದವರು ಕ್ಯಾನ್ ನೀರು ಕುಡಿಯುತ್ತಾರೆ. ವನಿತಾ ಬೆಳಿಗ್ಗೆ ತಳ್ಳುಗಾಡಿಯಲ್ಲಿ ಕ್ಯಾನ್ ಹಾಕುವ ಕೆಲಸಕ್ಕೆ ಸೇರಿದ್ದಾಳೆ. ತೆಂಗಿನ ಚಿಪ್ಪು ಹಿಡಿದ ಕೈ ಅದು. ಅವಳ ವಿಷಯ ಇನ್ನು ಜಾಸ್ತಿ ಬರೆಯುವುದಿಲ್ಲ.

ಹದಿನೈದು ದಿನದ ಹಿಂದೆ ಗೋವಿಂದನ್ ನನ್ನನ್ನು ಮನೆಗೆ ಕರೆದ. ಹನ್ನೆರಡನೇ ಮನೆ ಅವನದು. ಕೊಟ್ಟುಬಿಟ್ಟು ಪಟ್ಟಣದಲ್ಲಿ ಐಸ್ ಫ್ಯಾಕ್ಟರಿ ಹತ್ತಿರ ಬಾಡಿಗೆಗೆ ಹೋಗುತ್ತಾನಂತೆ. "ಈ ಮನೆ ನಮ್ದಾಗಿರೋವಾಗ್ಲೇ ಇದ್ರ ಬಾಕ್ಲಿಂದಾನೇ ನನ್ ಮಗ್ಳನ್ನ ಕಳಿಸ್ಬೇಕು. ನಮ್ಗೆ ನೀರ್ ಕೊಡೋಕೆ ಬಂದವ್ನು ನೀನೊಬ್ನೇ. ನಿಮ್ಮಕ್ಕನ್ನ ಕರೆಸು" ಅಂದ. ಆಯಾ ಮೂಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಆವತ್ತು ಅವಳು ನನ್ನನ್ನು ಬೋರ್ ತಂಬಿ ಅನ್ನಲಿಲ್ಲ. ಕುಟ್ಟಣಿಗೆಯ ಸದ್ದು ಮಾತ್ರ ನಿಂತಿತು.

ಅದೇ ಸಂಜೆ ನಿನಗೆ ಫೋನ್ ಮಾಡಿ, ಬಾ ಅಕ್ಕ ಅಂದೆ. ಆಸೆ ಅದು. ಇನ್ನೊಂದು ರಾಡು ಅಂದ ಹಾಗೇ.

ಅವತ್ತಿನಿಂದ ಒಂದೇ ಯೋಚನೆ. ನಮ್ಮಲ್ಲಿ ಹೆಣ್ಣು ಕೇಳಕ್ಕೆ ಹೋದವರು ಮಾತು ಕೂಡುವವರೆಗೂ ಆ ಮನೆಯ ನೀರು ಮುಟ್ಟುವುದಿಲ್ಲ. ಕೂಡಿದ ಮೇಲೆ ಹಿರಿಯಳು ಒಂದು ಚೊಂಬು ನೀರು ಕುಡಿದು, ನಾಲ್ಕು ಜನರಿಗೆ ಕೇಳುವ ಹಾಗೆ "ನೀರು ಸಿಹಿಯಾಗೈತೆ" ಅನ್ನಬೇಕು. ಅಲ್ಲಿಗೆ ಹುಡುಗಿ ನಮ್ಮವಳು. ನಿನ್ನನ್ನು ಕೇಳೋಕೆ ಬಂದಾಗ ನಿಮ್ಮ ಅತ್ತೆ ನಮ್ಮ ಬೋರಿನ ಸುಣ್ಣದ ನೀರು ಕುಡಿದು, ಮುಖ ಹುಳ್ಳಗೆ ಮಾಡಿಕೊಂಡು, ಸಿಹಿಯಾಗೈತೆ ಅಂದಿದ್ದಕ್ಕೆ ನೀನು ಒಳಗೆ ಸೆರಗು ಕಚ್ಚಿಕೊಂಡು ನಕ್ಕಿದ್ದೆ. ಅಮ್ಮ ಇಲ್ಲದ ಮೇಲೆ ನನ್ನ ಕಡೆಯಿಂದ ಆ ಚೊಂಬು ಎತ್ತಬೇಕಾದವಳು ನೀನು. ಆ ಮನೆಯಲ್ಲಿ ಕೂತು, ಆ ಮಾತು ನೀನು ಹೇಗೆ ಆಡುತ್ತೀಯ? ನಾನು ಹೇಗೆ ಕೇಳಲಿ?

ಹಾಗಾಗಿ ಒಂದು ಉಪಕಾರ ಮಾಡು. ಗುರುವಾರ ಗೋವಿಂದನ್‌ಗೆ ನೀನೇ ಫೋನ್ ಮಾಡು. ನಮ್ಮ ಗುಡಿಯಲ್ಲಿ ಹೂವು ಕೇಳಿದೆವು, ದೇವರು ಬಲಗಡೆ ಕೊಡಲಿಲ್ಲ, ಎಡಗಡೆ ಬಿತ್ತು ಅನ್ನು. ದೇವರು ಬೇಡ ಅಂದರೆ ಯಾರೂ ಯಾರನ್ನೂ ಬೈಯುವ ಹಾಗಿಲ್ಲ. ಅವರಿಗೆ ಅವಮಾನವಿಲ್ಲ. ಹುಡುಗಿಗೆ ಕೊರತೆ ಹೇಳಿದ ಹಾಗಾಗುವುದಿಲ್ಲ. ನಿಜವಾಗಿಯೂ ನೀನು ಹೂವು ಕೇಳಿದ್ದು, ಬಲಗಡೆಯೇ ಬಿದ್ದಿದ್ದು, ನಿಮ್ಮ ಅತ್ತೆ ಖುಷಿಗೆ ಒಂದು ಟಗರು ಹರಕೆ ಹೊತ್ತಿದ್ದು ಎಲ್ಲಾ ಗೊತ್ತು. ಆ ಟಗರನ್ನು ಮಾತ್ರ ಕೊಟ್ಟುಬಿಡಿ. ದೇವರದೇನೂ ತಪ್ಪಿಲ್ಲ.

ನೀನು ಫೋನ್ ಮಾಡಿದ ಮಾರನೇ ದಿನ ನಾನು ಇಲ್ಲಿಂದ ಹೊರಡುತ್ತೀನಿ. ಮುತ್ತುಸ್ವಾಮಿಯವರ ಲಾರಿ ಇನ್ನೂ ದಕ್ಷಿಣಕ್ಕೆ ಹೋಗುತ್ತೆ. ಅಲ್ಲೂ ಹೀಗೇ ಮೀನು ಹಿಡಿಯುವವರ ಒಂದು ಕುಪ್ಪವಂತೆ. ಈಗ ತಾನೇ ಟಾರು ಹಾಕುತ್ತಿದ್ದಾರಂತೆ. ನಾನು ಆ ಲಾರಿ ಹತ್ತುವುದಿಲ್ಲ. ಊರಿಗೂ ಬರುವುದಿಲ್ಲ. ಎಲ್ಲಿಗೆ ಅಂತ ಕೇಳಬೇಡ, ನಿಂತ ಮೇಲೆ ಹೇಳುತ್ತೀನಿ. ಎರಡು ತಿಂಗಳು ನಿಲ್ಲದವನು ಅಂತ ನಿಮ್ಮ ಅತ್ತೆ ಅನ್ನಲಿ, ನೀನು ಅವರ ಜೊತೆ ಜಗಳ ಆಡಬೇಡ.

ಭಾವನಿಗೆ ಈ ಕಾಗದ ಓದಿ ಹೇಳಬೇಡ. ಏನು ಬರೆದಿದ್ದಾನೆ ಅಂತ ಕೇಳಿದರೆ ಸೌಖ್ಯವಂತೆ ಅನ್ನು. ಓದಿದ ಮೇಲೆ ಒಲೆಗೆ ಹಾಕು.

ನಿನ್ನ ಬೆನ್ನ ಮೇಲೆ ಹೊಳೆ ದಾಟಿದವನು,
ಮಾದೇಶ

ಬರೆದು ಮುಗಿಸಿದ ಮೇಲೆ: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಕಡೆ, ಎಂಬತ್ತನೇ ಅಡಿಯ ನೀರು ಮೊದಲು ಚೆನ್ನಾಗಿಯೇ ಇತ್ತು ಅಂತ ಬರೆದಿದ್ದೀನಿ. ಅದು ಸುಳ್ಳು, ಎರಡು ಮೂರು ದಿನಕ್ಕೆ ಉಪ್ಪಾಯಿತು ಅಂದಿದ್ದೂ ಸುಳ್ಳು. ಗೋವಿಂದನ್ ಲೋಟ ಹಿಡಿದು ನನ್ನ ಕೈಗೆ ಕೊಟ್ಟು, "ಮಾಪ್ಳೆ, ಮೊದ್ಲು ನೀನು" ಅಂದ. ನಾಲಿಗೆಗೆ ತಾಕಿದ ತಕ್ಷಣ ಗೊತ್ತಾಯಿತು, ಅಪ್ಪಟ ಕಡಲು. ಆವತ್ತೇ ಅದೇ ಕಳಿಮಣ್ಣು ತುಂಬಿ ಮುಚ್ಚಿದ್ದರೆ ಬಾವಿ ಉಳಿಯುತ್ತಿತ್ತು. ಊರೆಲ್ಲಾ ನನ್ನ ಬಾಯಿಯನ್ನೇ ನೋಡುತ್ತಿತ್ತು. ನಾನು, "ಸಿಹಿಯಾಗೈತೆ" ಅಂದೆ. ಲೋಟ ವನಿತಾ ಕೈಗೆ ಹೋಯಿತು. ಅವಳು ಕುಡಿದಳು. ಪೂರ್ತಿ ಕುಡಿದಳು, ಅಕ್ಕ, ಆಯಾಗೆ ಉಳಿಸದೆ. ನನ್ನ ಮುಖ ನೋಡಿಕೊಂಡೇ, "ಸಿಹಿಯಾಗೈತೆ" ಅಂದಳು. ಆ ಹತ್ತು ದಿನ ಮೋಟರ್ ಓಡುವಾಗಲೂ ಅವಳು ಬಾಯಿ ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ. ಶುಕ್ರವಾರ ನೀನು ಬಂದರೆ ನಿನ್ನ ಚೊಂಬಿಗೆ ಕ್ಯಾನ್ ನೀರು ಬಗ್ಗಿಸುವವಳೂ ಅವಳೇ.